ಟ್ಯಾಬ್ಲೆಟ್ ಬ್ಯಾಟರಿಯ ಶೇಕಡಾವಾರು ಸೂಚನೆ: ವಿವರಣೆ

ನರೇಗಾ ಸಮುದಾಯ ಕಾಮಗಾರಿಗಳಲ್ಲಿ ಎನ್‌ಎಂಎಂಎಸ್ ಆ್ಯಪ್ ಮೂಲಕ ದಿನಕ್ಕೆರಡು ಛಾಯಾಚಿತ್ರಸಹಿತ ಹಾಜರಾತಿಯನ್ನು 2023ರ ಜನವರಿ 1ರಿಂದ ಕಡ್ಡಾಯಗೊಳಿಸಲಾಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಕೆಲಸದ ಸ್ಥಳದಲ್ಲಿ ಎರಡನೆಯ ಚಿತ್ರಕ್ಕೆ ಮುನ್ನವೇ ಟ್ಯಾಬ್ಲೆಟ್ ಸ್ಥಗಿತಗೊಂಡರೆ ಕೂಲಿಕಾರರ ಆ ದಿನದ ಕೂಲಿಗೆ ತೊಡಕುಂಟಾಗುತ್ತದೆ.

ಪರದೆಯ ಶೇಕಡಾ ಅಂಕಿಯು ವೋಲ್ಟೇಜ್ ಹಾಗೂ ಹರಿದ ವಿದ್ಯುತ್ತಿನ ಲೆಕ್ಕದಿಂದ ಪಡೆದ ಅಂದಾಜು ಮಾತ್ರ. ಲೀಥಿಯಂ-ಅಯಾನ್ ಕೋಶದ ವೋಲ್ಟೇಜ್ ನಡುವಣ ಹಂತದಲ್ಲಿ ಅಲ್ಪವೇ ಬದಲಾಗಿ, ಕೊನೆಯಲ್ಲಿ ಥಟ್ಟನೆ ಕುಸಿಯುತ್ತದೆ. ಹಳತಾದ ಕೋಶದ ಧಾರಣಶಕ್ತಿ ಕುಗ್ಗಿದರೂ ಸಾಧನವು ಹಿಂದಿನ ಲೆಕ್ಕವನ್ನೇ ಅನುಸರಿಸಿದಲ್ಲಿ, ಶೇ. 20 ತೋರಿಸುತ್ತಲೇ ಆರಿಹೋಗುವುದುಂಟು.

ಹೀಗಾದಲ್ಲಿ, ಕೆಲಸವಿಲ್ಲದ ದಿನದಂದು ತಾನಾಗಿ ಆರುವವರೆಗೆ ಬಳಸಿ, ಬಳಿಕ ತಡೆಯಿಲ್ಲದೆ ಶೇ. 100ರವರೆಗೆ ಚಾರ್ಜ್ ಮಾಡತಕ್ಕದ್ದು. ಇದರಿಂದ ಅಂದಾಜು ಸರಿಹೋಗಬಹುದು. ಕುಗ್ಗಿದ ಧಾರಣಶಕ್ತಿ ಮರಳದು. ಪದೇಪದೇ ಹೀಗೆ ಮಾಡುವುದು ಕೋಶಕ್ಕೆ ಹಾನಿಕರ. ದೋಷ ಮುಂದುವರಿದರೆ ಬ್ಯಾಟರಿ ಬದಲಾಯಿಸತಕ್ಕದ್ದು. ಅಲ್ಲಿಯವರೆಗೆ ಪವರ್ ಬ್ಯಾಂಕ್ ಜೊತೆಗಿರಲಿ.