ಮಣ್ಣಿನ ಭಯ

ನಾಸಿಕ್, ಛತ್ರಪತಿ ಸಂಭಾಜಿನಗರಗಳಲ್ಲಿ ಬೆಳೆದ ಮಕ್ಕಳೇ, ತ್ರ್ಯಂಬಕೇಶ್ವರದಲ್ಲಿ ನಿವೃತ್ತಿನಾಥರ ಸಮಾಧಿಯನ್ನು ನೋಡಿರುತ್ತೀರಿ. ಅವರ ತಮ್ಮ ಜ್ಞಾನೇಶ್ವರರು 1296ರಲ್ಲಿ ಆಳಂದಿಯಲ್ಲಿ ಸಮಾಧಿಯನ್ನು, ನಮ್ಮ ರಾಯರು 1671ರಲ್ಲಿ ಮಂತ್ರಾಲಯದಲ್ಲಿ ಬೃಂದಾವನವನ್ನು ಜೀವಂತವಾಗಿಯೇ ಪ್ರವೇಶಿಸಿದರೆಂದು ಭಕ್ತರು ನಂಬುತ್ತಾರೆ. ಅದು ಅವರೇ ಆರಿಸಿಕೊಂಡ ದಾರಿ.

ನಮ್ಮನ್ನು ಕಾಡುವ ಭಯ ಬೇರೆ. ಉಸಿರಿರುವಾಗಲೇ ಹೂತುಬಿಟ್ಟರೆ? ಕೂಗಿದರೂ ಯಾರಿಗೂ ಕೇಳಿಸದಿದ್ದರೆ? ಲಿಂಗಾಯತರ ಮನೆಗಳಲ್ಲಿ ಅಜ್ಜನನ್ನು ಕೂರಿಸಿ ಹೂಳುವುದನ್ನು ಕಂಡ ಮಕ್ಕಳಿಗೆ ಈ ಯೋಚನೆ ಬರುವುದು ಸಹಜ. 19ನೇ ಶತಮಾನದ ಯುರೋಪಿನಲ್ಲಿ ಇದೇ ಭಯದಿಂದ ಶವಪೆಟ್ಟಿಗೆಗೆ ಗಂಟೆ ಕಟ್ಟುವ ಉಪಾಯ ಹುಡುಕಿದ್ದರು.

ಇಂದು ವೈದ್ಯರು ಎದೆಬಡಿತ, ಉಸಿರು, ಕಣ್ಣಿನ ಪಾಪೆ ಪರೀಕ್ಷಿಸಿಯೇ ಸಾವನ್ನು ಖಚಿತಪಡಿಸುತ್ತಾರೆ. ಮನೆಯಲ್ಲಿ ಸಾವಾದರೆ ಅವಸರ ಬೇಡ, ವೈದ್ಯರನ್ನು ಕರೆಸಿ. ಭಯವನ್ನಂತೂ ಮನಸ್ಸಿನಲ್ಲಿ ಹೂತಿಡಬೇಡಿ, ಹಿರಿಯರನ್ನು ಕೇಳಿ. ಆ ಭಯ ಅವರಿಗೂ ಗೊತ್ತು.