ಸೈನಸ್ ಸಿಸ್ಟ್

ಸೈನಸ್ ಸಿಸ್ಟ್ ಎಂಬುದು ಮುಖದ ಎಲುಬುಗಳೊಳಗಿರುವ ಗಾಳಿಯ ಕುಹರಗಳಲ್ಲಿ (ಸೈನಸ್‌ಗಳಲ್ಲಿ) ಉಂಟಾಗುವ, ದ್ರವ ತುಂಬಿದ ಚೀಲ. ಈ ಕುಹರಗಳ ಒಳಮೈಗೆ ಲೋಳೆಪೊರೆಯ ಹೊದಿಕೆಯಿದೆ. ಪೊರೆಯಲ್ಲಿನ ಸಣ್ಣ ಗ್ರಂಥಿಯೊಂದರ ನಾಳ ಮುಚ್ಚಿಕೊಂಡಾಗ ಅದರ ಸ್ರಾವವು ಒಳಗೇ ಶೇಖರಗೊಂಡು ಚೀಲವಾಗುತ್ತದೆ. ಇದನ್ನು ರಿಟೆನ್ಷನ್ ಸಿಸ್ಟ್ ಎನ್ನುತ್ತಾರೆ. ಕೆನ್ನೆಯ ಹಿಂದಿರುವ ಮ್ಯಾಕ್ಸಿಲರಿ ಸೈನಸ್ಸಿನ ತಳದಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ.

ರೋಗನಿರ್ಣಯ

ಬಹುಪಾಲು ರಿಟೆನ್ಷನ್ ಸಿಸ್ಟ್‌ಗಳು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಹಲ್ಲಿನ ಎಕ್ಸ್-ರೇ ಅಥವಾ ತಲೆಯ ಸ್ಕ್ಯಾನ್ ಮಾಡಿಸಿದಾಗ ಆಕಸ್ಮಿಕವಾಗಿ ಕಾಣಿಸುತ್ತವೆ. ತಲೆನೋವಿಗೆಂದು ತೆಗೆಸಿದ ಸ್ಕ್ಯಾನಿನಲ್ಲಿ ಸಿಸ್ಟ್ ಕಂಡಿತೆಂಬ ಮಾತ್ರಕ್ಕೆ ನೋವಿಗೆ ಅದೇ ಕಾರಣವೆಂದು ತೀರ್ಮಾನಿಸುವಂತಿಲ್ಲ. ಸಿ.ಟಿ. ಸ್ಕ್ಯಾನಿನಲ್ಲಿ ಅದು ನುಣುಪಾದ ಗುಮ್ಮಟದಂತೆ ತೋರುತ್ತದೆ; ಸುತ್ತಲಿನ ಎಲುಬಿಗೆ ಹಾನಿಯಾಗಿರುವುದಿಲ್ಲ.

ವೈದ್ಯರ ಮುಖ್ಯ ಕೆಲಸ ಇದನ್ನು ಇತರ ರೋಗಗಳಿಂದ ಬೇರ್ಪಡಿಸುವುದು. ಕುಹರದ ಹೊರದಾರಿಯೇ ಮುಚ್ಚಿ ಇಡೀ ಸೈನಸ್ಸು ಲೋಳೆಯಿಂದ ತುಂಬಿಕೊಂಡರೆ ಅದು ಮ್ಯೂಕೊಸೀಲ್. ನಿಧಾನವಾಗಿ ಹಿಗ್ಗುತ್ತ ಎಲುಬನ್ನು ತೆಳುವಾಗಿಸಿ ಸವೆಸುವುದರಿಂದ ಇದನ್ನು ಉಪೇಕ್ಷಿಸಲಾಗದು. ಹಣೆಯ ಸೈನಸ್ಸಿನ ಮ್ಯೂಕೊಸೀಲ್ ಕಣ್ಣುಗುಡ್ಡೆಯನ್ನು ಪಕ್ಕಕ್ಕೆ ತಳ್ಳಬಹುದು, ಒಂದು ವಸ್ತು ಎರಡಾಗಿ ಕಾಣಬಹುದು. ಸತ್ತ ಹಲ್ಲಿನ ಬೇರಿನಿಂದ ಅಥವಾ ಮೂಡದ ಹಲ್ಲಿನ ಸುತ್ತ ಹುಟ್ಟುವ ಚೀಲಗಳೂ ಮೇಲ್ದವಡೆಯಿಂದ ಸೈನಸ್ಸಿನೊಳಕ್ಕೆ ಬೆಳೆಯುತ್ತವೆ; ಇವುಗಳ ಅಂಚಿನಲ್ಲಿ ಸಾಮಾನ್ಯವಾಗಿ ತೆಳುವಾದ ಎಲುಬಿನ ಗೆರೆ ಕಾಣುತ್ತದೆ. ಒಂದೇ ಹೊಳ್ಳೆಯಿಂದ ಪದೇ ಪದೇ ರಕ್ತ, ಕೆನ್ನೆ ಮರಗಟ್ಟುವುದು, ಕಾರಣವಿಲ್ಲದೆ ಮೇಲಿನ ಹಲ್ಲುಗಳು ಸಡಿಲವಾಗುವುದು ಇವು ಸಾದಾ ಸಿಸ್ಟಿನ ಲಕ್ಷಣಗಳಲ್ಲ. ಇಂಥಲ್ಲಿ ಗಡ್ಡೆಯ ಸಂಶಯದಿಂದ ಎಂ.ಆರ್.ಐ. ಮತ್ತು ಬಯಾಪ್ಸಿ ಮಾಡಿಸುವುದುಂಟು.

ಚಿಕಿತ್ಸೆ

ತೊಂದರೆ ಕೊಡದ ರಿಟೆನ್ಷನ್ ಸಿಸ್ಟಿಗೆ ಚಿಕಿತ್ಸೆ ಬೇಕಿಲ್ಲ. ಕೆಲವು ತಾವಾಗಿ ಕುಗ್ಗುತ್ತವೆ. ಕೆಲವು ಒಡೆದು ಮೂಗಿನಿಂದ ಹಳದಿ ನೀರಾಗಿ ಹರಿಯುತ್ತವೆ. ಪ್ರತಿಜೀವಕ ಮಾತ್ರೆಗಳಿಂದ ಚೀಲ ಕರಗುವುದಿಲ್ಲ. ಸಿಸ್ಟ್ ದೊಡ್ಡದಾಗಿ ಸೈನಸ್ಸಿನ ದಾರಿಯನ್ನು ತಡೆದರೆ ಮೂಗಿನ ಮೂಲಕ ಎಂಡೊಸ್ಕೋಪ್ ಹಾಯಿಸಿ ತೆಗೆಯುತ್ತಾರೆ. ಹಲ್ಲಿನಿಂದ ಹುಟ್ಟಿದ ಚೀಲವಾದರೆ ಹಲ್ಲಿಗೂ ಚಿಕಿತ್ಸೆಯಾಗಬೇಕು, ಇಲ್ಲವಾದರೆ ಅದು ಮರುಕಳಿಸುತ್ತದೆ.

ಮೇಲ್ದುಟಿಯ ಒಳಗೆ ಕೊಯ್ದು ಕೆನ್ನೆಯ ಎಲುಬಿನಲ್ಲಿ ಕಿಂಡಿ ತೆರೆಯುವ ಕಾಲ್ಡ್‌ವೆಲ್-ಲುಕ್ ಶಸ್ತ್ರಕ್ರಿಯೆ 19ನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ಬಂದಿತು. ಎಂಡೊಸ್ಕೋಪ್ ಬಂದ ಮೇಲೆ ಅದರ ಬಳಕೆ ಬಹಳ ತಗ್ಗಿದೆ. ಮ್ಯೂಕೊಸೀಲಿಗೆ ಶಸ್ತ್ರಕ್ರಿಯೆಯೇ ಚಿಕಿತ್ಸೆ: ಚೀಲವನ್ನು ಪೂರ್ತಿ ಕಿತ್ತುಹಾಕದೆ, ಮೂಗಿನೊಳಕ್ಕೆ ಅಗಲವಾಗಿ ತೆರೆದು ಲೋಳೆ ಹರಿದುಹೋಗುವಂತೆ ಮಾಡುತ್ತಾರೆ. ಈ ದ್ವಾರ ಮತ್ತೆ ಮುಚ್ಚಿಕೊಂಡರೆ ವರ್ಷಗಳ ಬಳಿಕವೂ ರೋಗ ಮರಳಬಹುದಾದ್ದರಿಂದ ದೀರ್ಘಕಾಲ ತಪಾಸಣೆ ಮುಂದುವರಿಸಲಾಗುತ್ತದೆ.