ಚೆಂಡು ಕೂಡಿಸಿತು, ಯುದ್ಧ ಅಗಲಿಸಿತು

ಅರಬ್ ರಾಷ್ಟ್ರಗಳ ಫುಟ್ಬಾಲ್ ಪಂದ್ಯಾವಳಿಯಾದ ಅರಬ್ ಕಪ್ಪನ್ನು ಅತಿ ಹೆಚ್ಚು ಬಾರಿ ಗೆದ್ದ ದೇಶ ಯಾವುದು ಗೊತ್ತೇ? ಈಜಿಪ್ಟ್ ಅಲ್ಲ, ಸೌದಿ ಅರೇಬಿಯಾವೂ ಅಲ್ಲ. ಅದು ಇರಾಕ್! 2025ರವರೆಗೆ ನಡೆದ 11 ಪಂದ್ಯಾವಳಿಗಳಲ್ಲಿ ಅದು ಗೆದ್ದದ್ದು 4.

ಈ ಕಪ್ ಆರಂಭವಾದದ್ದು 1963ರಲ್ಲಿ, ಲೆಬನಾನಿನ ಬೈರೂತ್‌ನಲ್ಲಿ. ಐದು ತಂಡಗಳು ಆಡಿದವು, ಟ್ಯುನೀಷಿಯಾ ಗೆದ್ದಿತು. ಮರುವರ್ಷ ಕುವೈತ್‌ಗೆ ಅತಿಥಿಯಾಗಿ ಹೋದ ಇರಾಕ್ ಕಪ್ ಗೆದ್ದು ಬಂತು. 1966ರಲ್ಲಿ ತನ್ನದೇ ಬಗ್ದಾದ್‌ನಲ್ಲಿ ಮತ್ತೊಮ್ಮೆ ಗೆದ್ದಿತು. ಆನಂತರ 19 ವರ್ಷ ಈ ಕಪ್ ನಡೆಯಲೇ ಇಲ್ಲ.

1985ರಲ್ಲಿ ಸೌದಿಯ ತಾಯಿಫ್‌ನಲ್ಲಿ ಪುನಃ ನಡೆದಾಗ ಇರಾಕ್ ಮತ್ತು ಇರಾನ್ ನಡುವೆ ಯುದ್ಧ ನಡೆಯುತ್ತಿತ್ತು. ಆಗಲೂ ಇರಾಕ್ ಗೆದ್ದಿತು. 1988ರ ಜುಲೈಯಲ್ಲಿ ಅಮ್ಮಾನ್‌ನಲ್ಲಿ ಸಿರಿಯಾವನ್ನು ಪೆನಾಲ್ಟಿ ಕಿಕ್‌ಗಳಲ್ಲಿ ಸೋಲಿಸಿ ನಾಲ್ಕನೇ ಕಪ್ ಪಡೆಯಿತು. ಎಂಟು ವರ್ಷಗಳ ಆ ಯುದ್ಧ ನಿಂತದ್ದು ಮರು ತಿಂಗಳು. ಯೋಚಿಸಿ ನೋಡಿ, ಕೆಲವು ತಾಯಂದಿರ ಮಕ್ಕಳು ಕಪ್ ಎತ್ತಿದಾಗ ಎಷ್ಟೋ ತಾಯಂದಿರ ಮಕ್ಕಳು ರಣರಂಗದಲ್ಲಿದ್ದರು.

1990ರ ಆಗಸ್ಟ್‌ನಲ್ಲಿ ಇರಾಕಿನ ಸೇನೆ ಕುವೈತ್‌ಗೆ ನುಗ್ಗಿತು. ತನಗೆ ಮೊದಲ ಕಪ್ ಕೊಟ್ಟ ಅದೇ ಕುವೈತ್‌ಗೆ! 1992, 1998, 2002ರ ಪಂದ್ಯಾವಳಿಗಳಲ್ಲಿ ಇರಾಕ್ ತಂಡ ಇರಲಿಲ್ಲ. ತಪ್ಪು ಮಾಡಿದವರು ಆಳುವವರು, ಅವಕಾಶ ಕಳೆದುಕೊಂಡವರು ಆಟಗಾರರು. 2012ರಲ್ಲಿ ಮರಳಿ ಬಂದ ಇರಾಕ್ ಮೂರನೇ ಸ್ಥಾನ ಪಡೆಯಿತು.

ಫುಟ್ಬಾಲ್ ಹುಚ್ಚಿನ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಗೋಲುಗಳ ಲೆಕ್ಕದ ಜೊತೆಗೆ ಈ ಕಥೆಯನ್ನೂ ಹೇಳಿ. ನೆರೆಯವರ ಸ್ನೇಹ ಕಟ್ಟಲು ವರ್ಷಗಳು ಬೇಕು, ಕೆಡವಲು ಒಂದು ರಾತ್ರಿ ಸಾಕು ಎಂಬುದು ಅವರಿಗೂ ತಿಳಿಯಲಿ.